ಮಕ್ಕಳ ಕಲಹಕ್ಕೆ ಮಕ್ಕಳೇ ಮಧ್ಯಸ್ಥರು



ಶಾಲೆಯ ಅಂಗಳದಲ್ಲಿ ಇಬ್ಬರು ಬಾಲಕರು ಚೆಂಡಿಗಾಗಿ ಕಾದಾಡಿದರೆ ಸಾಮಾನ್ಯವಾಗಿ ನಡೆಯುವುದೇನು? ಉಪಾಧ್ಯಾಯರು ಬಂದು ಒಬ್ಬನನ್ನು ಅಪರಾಧಿಯೆಂದೋ, ಇಬ್ಬರನ್ನೂ ದಂಡಾರ್ಹರೆಂದೋ ನಿರ್ಣಯಿಸುತ್ತಾರೆ. ಗದ್ದಲ ಅಡಗುತ್ತದೆ, ವೈರ ಅಡಗುವುದಿಲ್ಲ. ಗೆದ್ದವನಿಗೆ ಗರ್ವ, ಸೋತವನಿಗೆ ಸೇಡು. ತಮ್ಮ ಜಗಳವನ್ನು ತಾವೇ ಬಗೆಹರಿಸಿಕೊಳ್ಳುವ ವಿದ್ಯೆ ಮಾತ್ರ ಇಬ್ಬರಿಗೂ ದೊರೆಯುವುದಿಲ್ಲ.

ಈ ಕೊರತೆಯನ್ನು ತುಂಬಲು ಅಮೆರಿಕೆಯಲ್ಲಿ ನಡೆದ ಪ್ರಯತ್ನ ಮನನೀಯವಾದುದು. ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರು 1972ರಲ್ಲಿ ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ ಮಕ್ಕಳಿಗೆ ಕಲಹಶಮನದ ಶಿಕ್ಷಣವನ್ನು ಆರಂಭಿಸಿದರು. ನೆರೆಹೊರೆಯ ವ್ಯಾಜ್ಯಗಳನ್ನು ತೀರಿಸಲೆಂದು 1976ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಥಾಪಿತವಾದ ‘ಕಮ್ಯುನಿಟಿ ಬೋರ್ಡ್ಸ್’ ಸಂಸ್ಥೆಯು 1980ರ ದಶಕದಲ್ಲಿ ಅದೇ ಕ್ರಮವನ್ನು ಶಾಲೆಗಳಿಗೆ ಒಯ್ದಿತು. ಮಿನ್ನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಜಾನ್ಸನ್ ಮತ್ತು ರೋಜರ್ ಜಾನ್ಸನ್ ಸಹೋದರರು ಈ ವಿದ್ಯೆ ಆಯ್ದ ಕೆಲವರಿಗಲ್ಲ, ಪ್ರತಿಯೊಂದು ಮಗುವಿಗೂ ಸಲ್ಲಬೇಕೆಂದು ಬಗೆದರು. ಅವರ ಪದ್ಧತಿಯಲ್ಲಿ ದಿನಕ್ಕೆ ಇಬ್ಬರಂತೆ ತರಗತಿಯ ಎಲ್ಲರೂ ಸರದಿಯಿಂದ ಮಧ್ಯಸ್ಥರಾಗುತ್ತಾರೆ.

ಕ್ರಮವು ಸರಳವಾದುದು. ಮೊದಲು ಇಬ್ಬರ ಒಪ್ಪಿಗೆ ಬೇಕು, ಬಲವಂತವಿಲ್ಲ. ಒಬ್ಬನ ಮಾತನ್ನು ಇನ್ನೊಬ್ಬನು ತಡೆಯಬಾರದು, ಹೀಯಾಳಿಸಬಾರದು. ಪ್ರತಿಯೊಬ್ಬನೂ ತನಗೆ ಬೇಕಾದುದೇನು, ತನ್ನ ಮನಸ್ಸಿಗೆ ಆದುದೇನು, ಅದಕ್ಕೆ ಕಾರಣವೇನು ಎಂಬುದನ್ನು ಹೇಳಬೇಕು. ಅನಂತರ ಎದುರಾಳಿಯ ಮಾತನ್ನು, ಅವನು ಒಪ್ಪುವಂತೆ, ತಾನೇ ಹೇಳಿ ತೋರಿಸಬೇಕು. ಬಳಿಕ ಕನಿಷ್ಠ 3 ಪರಿಹಾರಗಳನ್ನು ಯೋಚಿಸಿ, ಇಬ್ಬರಿಗೂ ಹಿತವಾದುದನ್ನು ಆರಿಸಿ ಕೈಕುಲುಕಬೇಕು. ಮಧ್ಯಸ್ಥನು ತೀರ್ಪು ಕೊಡುವವನಲ್ಲ, ದಾರಿ ತಪ್ಪದಂತೆ ಕಾಯುವವನು.

ಎದುರಾಳಿಯ ಮಾತನ್ನು ತನ್ನ ಬಾಯಿಂದ ಹೇಳುವ ಹಂತವೇ ಈ ಪದ್ಧತಿಯ ಜೀವಾಳ. ವಸ್ತುವಿಗೆ ಹಲವು ಮುಖಗಳುಂಟೆಂಬ ಅನೇಕಾಂತದ ಅರಿವುಳ್ಳ ಸಮಾಜಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಕೇಳಿ ತಿಳಿದ ತತ್ತ್ವ ಬೇರೆ, ಕೋಪ ಕೆರಳಿದಾಗ ಆಚರಿಸುವ ಅಭ್ಯಾಸ ಬೇರೆ. ಆ ಅಭ್ಯಾಸ ಎಳವೆಯಲ್ಲೇ ಆಗಬೇಕು.

ಇದಕ್ಕೂ ಒಂದು ಮಿತಿಯುಂಟು. ಬಲಿಷ್ಠನು ದುರ್ಬಲನನ್ನು ನಿತ್ಯವೂ ಪೀಡಿಸುತ್ತಿದ್ದರೆ, ಆಯುಧವೋ ತೀವ್ರವಾದ ಹಲ್ಲೆಯೋ ಇದ್ದರೆ, ಅದು ಮಕ್ಕಳ ಮಧ್ಯಸ್ಥಿಕೆಗೆ ಬಿಡತಕ್ಕ ವಿಷಯವಲ್ಲ. ನೊಂದ ಮಗುವನ್ನು ಪೀಡಕನೊಡನೆ ಸಮನಾಗಿ ಕೂರಿಸಿ ರಾಜಿಗೆ ಕರೆಯುವುದು ಶಾಂತಿಯಲ್ಲ, ಇನ್ನೊಂದು ಹಿಂಸೆ. ಅಲ್ಲಿ ರಕ್ಷಣೆ ಹಿರಿಯರ ಹೊಣೆ.

ಮಗು ಅಳುತ್ತ ಮನೆಗೆ ಬಂದಾಗ ‘ಹೊಡೆದವರಾರು?’ ಎಂಬ ಪ್ರಶ್ನೆ ಸಹಜ. ‘ಅವನೇನು ಹೇಳಿದ?’ ಎಂಬ ಎರಡನೆಯ ಪ್ರಶ್ನೆಯನ್ನೂ ತಾಯಿತಂದೆಗಳು ಕೇಳುವಂತಾದರೆ ಈ ಶಿಕ್ಷಣ ಮನೆಯಲ್ಲೇ ಮೊದಲಾಗುತ್ತದೆ.