ಮನೆಯ ಅರ್ಜಿ ಮತ್ತು ನಮ್ಮ ಹೆಸರುಗಳು

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಪಾಲಕರು ಮತ್ತು ಶಿಕ್ಷಕರನ್ನು ಉದ್ದೇಶಿಸಿ ಮಾಡಿದ ಭಾಷಣ)



ಶಿಕ್ಷಣ ಸಂಸ್ಥೆಯ ಸಭೆಯಲ್ಲಿ ಬಾಡಿಗೆ ಮನೆಯ ಮಾತೇಕೆ ಎಂದು ತಾವು ಕೇಳಬಹುದು. ಪ್ರತಿ ವರ್ಷ ಹೊಸ ಹಾಜರಿ ಪುಸ್ತಕ ಬರೆಯುವಾಗ ಹಿಂದಿನ ವರ್ಷದ ಕೆಲವು ಹೆಸರುಗಳು ಇರುವುದಿಲ್ಲ. ಮಕ್ಕಳನ್ನು ವಿಚಾರಿಸಿದರೆ ಒಂದೇ ಉತ್ತರ: "ಮನಿ ಖಾಲಿ ಮಾಡಿ ಹೋದ್ರು ಸರ್." ಬಾಡಿಗೆ ಏರಿದರೆ ಮನೆ ಬದಲು, ಮನೆ ಬದಲಾದರೆ ಶಾಲೆ ಬದಲು. ಎರಡು ಸಲ ಶಾಲೆ ಬದಲಿಸಿದ ಮಗು ಮೂರನೇ ಸಲ ಶಾಲೆಯ ಕಡೆಗೇ ಬರುವುದಿಲ್ಲ. ಕೆಲವರು ಬೆಂಗಳೂರಿಗೋ ಮುಂಬೈಗೋ ಗುಳೆ ಹೋಗಿರುತ್ತಾರೆ. ಮನೆಯ ಪ್ರಶ್ನೆ ಶಾಲೆಯ ಪ್ರಶ್ನೆಯೂ ಆಗುವುದು ಹೀಗೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನ ತಾಯಿ ನನ್ನ ಬಳಿ ಬಂದರು. ಗಂಡ ತೀರಿಕೊಂಡಿದ್ದಾರೆ. ಹೊಲಿಗೆ ಕೆಲಸ ಮಾಡಿ ಎರಡು ಮಕ್ಕಳೊಂದಿಗೆ ತಗಡಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದಾರೆ. ಸರಕಾರಿ ಮನೆಗೆ ಹಾಕಿದ ಅರ್ಜಿ ತಿರುಗಿ ಬಂದಿತ್ತು. "ಮಾಸ್ತರ್ರೀ, ಮಗನ ಕಾಗದದಾಗ ಅವರಪ್ಪನ ಹೆಸರು ಬ್ಯಾರೆ ಅದ ಅಂತಾರ್ರಿ. ಅವನಪ್ಪಗ ಎರಡು ಹೆಸರು ಎಲ್ಲಿಂದ ಬರ್ತಾವ್ರಿ?" ಎಂದರು. ಕಾಗದಗಳನ್ನು ಬಿಡಿಸಿ ನೋಡಿದೆ. ಪಡಿತರ ಚೀಟಿಯಲ್ಲೂ ಮರಣ ಪ್ರಮಾಣಪತ್ರದಲ್ಲೂ 'ಮಾಬೂಸಾಬ' ಎಂದಿತ್ತು. ಶಾಲೆಯ ಪ್ರಮಾಣಪತ್ರದಲ್ಲಿ 'ಮಹಬೂಬ್ ಅಲಿ' ಎಂದಿತ್ತು. ಮಗನ ಆಧಾರ್ ಆಗಿದ್ದು ಶಾಲೆಯ ಕಾಗದದ ಮೇಲೆ. ಆ ಶಾಲೆಯ ಕಾಗದದ ಅಕ್ಷರ ನನ್ನದೇ. ಆಡುಮಾತಿನ ಹೆಸರನ್ನು 'ಶುದ್ಧ' ಮಾಡಿ ಬರೆದಿದ್ದೇನೆಂದು ಅಂದು ಹೆಮ್ಮೆಪಟ್ಟಿದ್ದೆ. ತಿದ್ದುಪಡಿ ಆಗುವಷ್ಟರಲ್ಲಿ ಆ ವರ್ಷದ ಪಟ್ಟಿ ಮುಗಿದಿತ್ತು.

ಉರ್ದು, ಕನ್ನಡ ಎರಡನ್ನೂ ಕಲಿಸುವ ನಾನು ಇದನ್ನು ಮೊದಲೇ ತಿಳಿಯಬೇಕಿತ್ತು. ಉರ್ದುವಿನಲ್ಲಿ ಜಬರ್, ಜೇರ್, ಪೇಶ್ ಚಿಹ್ನೆಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಓದುವವನೇ ಸ್ವರ ಸೇರಿಸಿಕೊಳ್ಳುತ್ತಾನೆ. ಕನ್ನಡದಲ್ಲಿ ಪ್ರತಿ ಸ್ವರವನ್ನೂ ಬರೆಯಲೇಬೇಕು. ಆದ್ದರಿಂದ ಉರ್ದುವಿನ ಒಂದೇ ಹೆಸರು ಕನ್ನಡದಲ್ಲಿ ರೆಹಮಾನ್, ರಹಿಮಾನ್, ರಹಮಾನ್ ಎಂದು ಮೂರಾಗುತ್ತದೆ. ಇಂಗ್ಲಿಷಿಗೆ ಹೋದಾಗ ಇನ್ನೆರಡು ಹುಟ್ಟುತ್ತವೆ. ತಾಯಂದಿರ ಹೆಸರಿನ ಮುಂದೆ ಒಂದು ಕಡೆ 'ಬೀ', ಒಂದು ಕಡೆ 'ಬೇಗಂ', ಮತ್ತೊಂದು ಕಡೆ 'ಬಾನು'. ನಮ್ಮ ಓಣಿಯಲ್ಲಿ ಅವರೆಲ್ಲ ಒಬ್ಬರೇ, ಆದರೆ ಗಣಕಯಂತ್ರಕ್ಕೆ ಮೂವರು.

ಇನ್ನು ಯೋಜನೆಗಳ ವಿಷಯ. ಅನೇಕ ಪಾಲಕರು "ಬಾಡಿಗೆ ಕಟ್ಟಲು ಸರಕಾರ ದುಡ್ಡು ಕೊಡುತ್ತದಂತೆ, ಹೌದೇ?" ಎಂದು ಕೇಳುತ್ತಾರೆ. ಬಾಡಿಗೆಯ ಹಣವನ್ನು ತಿಂಗಳು ತಿಂಗಳು ಕುಟುಂಬದ ಕೈಗೆ ಕೊಡುವ ವ್ಯವಸ್ಥೆ ಈ ವಸತಿ ಯೋಜನೆಗಳಲ್ಲಿ ಇಲ್ಲ. ಇರುವುದು ಕಡಿಮೆ ಬಾಡಿಗೆಯ ಮನೆಗಳನ್ನು ಒದಗಿಸುವ ಯೋಜನೆ. 2020ರ ಲಾಕ್‌ಡೌನ್‌ನಲ್ಲಿ ನಗರಗಳಿಂದ ಕೂಲಿಕಾರರು ನಡೆದು ಊರು ಸೇರಿದ್ದನ್ನು ನಾವೆಲ್ಲ ಕಂಡೆವು. ಅದೇ ವರ್ಷ ಜುಲೈನಲ್ಲಿ ಕೇಂದ್ರ ಸರಕಾರ ಕೈಗೆಟುಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸರಕಾರಿ ಹಣದಲ್ಲಿ ಕಟ್ಟಿ ಖಾಲಿ ಬಿದ್ದ ಮನೆಗಳನ್ನು ಬಾಡಿಗೆಗೆ ಕೊಡುವುದು ಒಂದು ದಾರಿ, ಹೊಸದಾಗಿ ಕಟ್ಟುವುದು ಇನ್ನೊಂದು.

2024ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆ (ನಗರ) 2.0ರಲ್ಲಿ ಈ ಬಾಡಿಗೆ ವಸತಿಯೂ ಸೇರಿ ನಾಲ್ಕು ದಾರಿಗಳಿವೆ. ಸ್ವಂತ ಜಾಗವಿದ್ದವರು ಸಹಾಯಧನ ಪಡೆದು ತಾವೇ ಮನೆ ಕಟ್ಟಿಕೊಳ್ಳುವುದು ಮೊದಲನೆಯದು. ಜಾಗವಿಲ್ಲದವರು ಸರಕಾರಿ ಅಥವಾ ಖಾಸಗಿ ಪಾಲುದಾರಿಕೆಯಲ್ಲಿ ಕಟ್ಟಿದ ಮನೆ ಪಡೆಯುವುದು ಎರಡನೆಯದು. ಮೂರನೆಯದು ಬಾಡಿಗೆ ವಸತಿ. ಇದು ವಲಸೆ ಕಾರ್ಮಿಕರು, ದುಡಿಯುವ ಮಹಿಳೆಯರು, ವಿದ್ಯಾರ್ಥಿಗಳು ಮೊದಲಾದವರಿಗಾಗಿ. ನಾಲ್ಕನೆಯದು ಗೃಹಸಾಲದ ಬಡ್ಡಿಗೆ ಸಹಾಯ. ವಾರ್ಷಿಕ ಆದಾಯ 3 ಲಕ್ಷ ರೂಪಾಯಿವರೆಗಿನ ಕುಟುಂಬವನ್ನು ಆರ್ಥಿಕವಾಗಿ ದುರ್ಬಲ ವರ್ಗವೆಂದು ಗಣಿಸುತ್ತಾರೆ. ದೇಶದ ಎಲ್ಲಿಯೂ ಪಕ್ಕಾ ಮನೆ ಇರಬಾರದು. ವಿಧವೆಯರು, ಒಂಟಿ ಮಹಿಳೆಯರು, ಅಂಗವಿಕಲರು, ಹಿರಿಯ ನಾಗರಿಕರು, ಅಲ್ಪಸಂಖ್ಯಾತರು ಮುಂತಾದವರಿಗೆ ಆದ್ಯತೆ ಇದೆ.

ನಮ್ಮ ರಾಜ್ಯದಲ್ಲಿ 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವು ಹಳ್ಳಿಗೆ ಬಸವ ವಸತಿ, ಪಟ್ಟಣಕ್ಕೆ ವಾಜಪೇಯಿ ನಗರ ವಸತಿ ಮುಂತಾದ ಯೋಜನೆಗಳನ್ನು ನಡೆಸುತ್ತದೆ. ಜನ ಎಲ್ಲವನ್ನೂ 'ಆಶ್ರಯ ಮನೆ' ಎಂದೇ ಕರೆಯುತ್ತಾರೆ. ಹಳ್ಳಿಯಲ್ಲಿ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ, ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯಲ್ಲಿ. 2025ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇಕಡಾ 10ರಿಂದ 15ಕ್ಕೆ ಏರಿಸಲು ಒಪ್ಪಿತು. ಆದರೆ ಬಂಧುಗಳೇ, ಪಾಲು ಹೆಚ್ಚಿದ ಮಾತ್ರಕ್ಕೆ ಮನೆ ಬಾರದು. ತಪ್ಪಿಲ್ಲದ ಅರ್ಜಿ ಹೋದರೆ ಮಾತ್ರ ಆ ಪಾಲಿಗೆ ಅರ್ಥ.

ಬಾಡಿಗೆದಾರನ ಸಂಕಟ ಇಲ್ಲೇ ಇದೆ. ವಿದ್ಯುತ್ ಬಿಲ್ಲು ಮಾಲೀಕನ ಹೆಸರಿನಲ್ಲಿ. ಪಡಿತರ ಚೀಟಿ ಹಳ್ಳಿಯದು. ಆಧಾರ್ ವಿಳಾಸ ಹಿಂದಿನ ಮನೆಯದು. ಬಾಡಿಗೆ ಕರಾರು ಬಾಯಿಮಾತಿನದು. ಪಟ್ಟಣದಲ್ಲಿ ಕೇಳಿದರೆ "ನೀವು ಇಲ್ಲಿಯವರಲ್ಲ" ಎನ್ನುತ್ತಾರೆ. ಹಳ್ಳಿಗೆ ಹೋದರೆ "ನೀವು ಇಲ್ಲಿ ಇರುವುದಿಲ್ಲವಲ್ಲ" ಎನ್ನುತ್ತಾರೆ. ಮನೆ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ, ಅವರ ಬಳಿಯೇ ಕಾಗದ ಎಲ್ಲರಿಗಿಂತ ಕಡಿಮೆ.

ಆದ್ದರಿಂದ ಪಾಲಕರಲ್ಲಿ ನನ್ನ ವಿನಂತಿ ಇಷ್ಟು. ಅರ್ಜಿ ಕರೆದ ದಿನ ಕಾಗದ ಹುಡುಕಬೇಡಿರಿ. ಇಂದೇ ಒಂದು ಕೈಚೀಲದಲ್ಲಿ ಕೂಡಿಸಿಡಿರಿ. ಮನೆಯ ಎಲ್ಲರ ಆಧಾರ್, ಪಡಿತರ ಚೀಟಿ, ಆಧಾರ್ ಜೋಡಿಸಿದ ಬ್ಯಾಂಕ್ ಪಾಸ್‌ಬುಕ್, ನಾಡಕಚೇರಿಯಿಂದ ಪಡೆದ ಆದಾಯ ಮತ್ತು ಜಾತಿ ಪ್ರಮಾಣಪತ್ರಗಳು, ವಿಧವೆಯರಾದರೆ ಗಂಡನ ಮರಣ ಪ್ರಮಾಣಪತ್ರ, ಜಾಗವಿದ್ದರೆ ಹಕ್ಕುಪತ್ರ ಅಥವಾ ಖಾತೆ. ಎಲ್ಲವನ್ನೂ ಸಾಲಾಗಿ ಇಟ್ಟು ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ ನೋಡಿರಿ. ಓದಲು ಬಾರದಿದ್ದರೆ ನಿಮ್ಮ ಮಕ್ಕಳಿಂದ ಓದಿಸಿರಿ. ಅವರು ಕಲಿತ ವಿದ್ಯೆಗೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮನೆ ಮಾಲೀಕರಿಂದ 11 ತಿಂಗಳ ಕರಾರನ್ನಾದರೂ ಬರೆಸಿಕೊಳ್ಳಿರಿ. ಪ್ರಧಾನಮಂತ್ರಿ ಆವಾಸ್ ಮನೆ ಸಾಮಾನ್ಯವಾಗಿ ಮನೆಯ ಹೆಣ್ಣುಮಗಳ ಹೆಸರಿನಲ್ಲಿ ಅಥವಾ ಗಂಡ ಹೆಂಡತಿಯ ಜಂಟಿ ಹೆಸರಿನಲ್ಲಿ ಮಂಜೂರಾಗುತ್ತದೆ. ಹಾಗಾಗಿ ತಾಯಂದಿರ ಕಾಗದವೇ ಮೊದಲು ಸರಿಯಾಗಲಿ.

ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಪಡೆಯದೆ ಕಚೇರಿಯ ಮೆಟ್ಟಿಲು ಇಳಿಯಬೇಡಿರಿ. "ನಾನು ಮಾಡಿಸಿಕೊಡುತ್ತೇನೆ" ಎಂದು ಹಣ ಕೇಳುವ ಮಧ್ಯವರ್ತಿಗೆ ಮೂಲ ದಾಖಲೆಗಳನ್ನು ಕೊಡಲೇಬೇಡಿರಿ. ಅರ್ಜಿ ಏನಾಯಿತೆಂದು ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ. 30 ದಿನಗಳಲ್ಲಿ ಉತ್ತರ ಕೊಡಬೇಕೆಂದು ಕಾಯ್ದೆ ಹೇಳುತ್ತದೆ.

ಶಿಕ್ಷಕ ಬಂಧುಗಳಲ್ಲಿ ಒಂದು ಮಾತು. ದಾಖಲಾತಿ ಪುಸ್ತಕದಲ್ಲಿ ನಾವು ಬರೆಯುವ ಒಂದು ಸಾಲು ಮಗುವಿನ ಜೊತೆ ಜೀವನಪೂರ್ತಿ ನಡೆಯುತ್ತದೆ. ಹೆಸರು ನಮಗೆ ಚೆನ್ನಾಗಿ ಕೇಳಿಸಿದಂತೆ ಬರೆಯುವುದು ಬೇಡ. ತಂದೆ ತಾಯಿಯ ದಾಖಲೆಯನ್ನು ಮುಂದಿಟ್ಟುಕೊಂಡು ಬರೆಯೋಣ. ತಪ್ಪು ಕಂಡರೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಬರುವ ಮೊದಲೇ ತಿದ್ದಿಸೋಣ. ಆಮೇಲೆ ತಿದ್ದುವುದು ಬಹಳ ಕಷ್ಟ.

ಸಂಸ್ಥೆಯ ಹಿರಿಯರಲ್ಲಿ ಕೊನೆಯ ಬಿನ್ನಹ. ಯಾದಗಿರಿ, ಶಹಾಪುರ, ಸುರಪುರ ಮೂರೂ ಊರುಗಳಲ್ಲಿ ತಿಂಗಳಿಗೊಂದು ಭಾನುವಾರ ಒಂದು ಮೇಜು, ಎರಡು ಕುರ್ಚಿ ಹಾಕಿಸಿ ಕೊಡಿ. ಉರ್ದು ಮತ್ತು ಕನ್ನಡ ಬಲ್ಲ ನಾವು ಕೆಲವರು ಶಿಕ್ಷಕರು ಕುಳಿತು ಯಾವುದೇ ಜಾತಿ ಮತದ ಬಡವರ ಕಾಗದಗಳನ್ನು ಪರಿಶೀಲಿಸಿ, ಅರ್ಜಿ ತುಂಬಿ ಕೊಡುತ್ತೇವೆ. ಅರ್ಜಿ, ದಾಖಲೆ, ಹಕ್ಕು, ಮಂಜೂರು ಈ ಶಬ್ದಗಳು ನಮ್ಮ ಎರಡೂ ಭಾಷೆಗಳಲ್ಲಿವೆ. ಎರಡೂ ಭಾಷೆ ಬಲ್ಲವರ ಮೇಲೆ ಹೊಣೆಯೂ ಎರಡು ಪಟ್ಟು.

ಆ ತಾಯಿ ಇಂದಿಗೂ ಬಾಡಿಗೆ ಕೋಣೆಯಲ್ಲಿಯೇ ಇದ್ದಾರೆ. ಹೆಸರು ತಿದ್ದುಪಡಿಯಾಗಿ ಮತ್ತೆ ಅರ್ಜಿ ಹೋಗಿದೆ, ಸ್ವೀಕೃತಿ ಚೀಟಿ ಅವರ ಕೈಯಲ್ಲಿದೆ. ಮೊನ್ನೆ ಭೇಟಿಯಾದಾಗ "ಈ ಸಲ ಹೆಸರು ಒಂದೇ ಅದಲ್ರಿ ಮಾಸ್ತರ್ರೀ?" ಎಂದು ಕೇಳಿದರು. "ಒಂದೇ ಅದ ಅಮ್ಮಾ, ಎರಡು ಸಲ ನೋಡೀನಿ" ಎಂದೆ. ಮುಂದಿನ ಮಕ್ಕಳ ವಿಷಯದಲ್ಲಿ ಈ ಮಾತನ್ನು ಮೊದಲ ಸಲವೇ ಹೇಳುವಂತಾಗಲಿ ಎಂದು ಹಾರೈಸುತ್ತೇನೆ.