ಗಾಲಿಗೆ ಬಿದ್ದ ಪೆಟ್ಟನ್ನು ಮುಚ್ಚಿಡಬೇಡಿ



2025ರ ಅಕ್ಟೋಬರ್‌ನಲ್ಲಿ ನವಿ ಮುಂಬಯಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ, "ಮಗಳನ್ನು ಪೈಲಟ್ ಮಾಡಿದರೆ ಹೇಗೆ?" ಎಂಬ ಮಾತು ನಮ್ಮ ಬೇಲಾಪುರದಲ್ಲೂ ಕಿವಿಗೆ ಬೀಳುತ್ತಿದೆ. ಕನ್ನಡ ನಾಡಿಗೆ ಇದು ಹೊಸದಲ್ಲ. ಬೆಂಗಳೂರಿನ ಜಕ್ಕೂರು ತರಬೇತಿ ಶಾಲೆಯಲ್ಲಿ ಕಲಿತ ಉಷಾ ಸುಂದರಂ 1949ರಲ್ಲೇ ಪೈಲಟ್ ಆಗಿದ್ದರು.

ಆದರೆ ತಾಯಂದಿರಿಗೆ ಒಂದು ಭಯ: ಇಳಿಯುವಾಗ ಗಾಲಿ ಕೈಕೊಟ್ಟರೆ? 2025ರ ಆಗಸ್ಟ್ 9ರಂದು ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ತರಬೇತಿ ವಿಮಾನವೊಂದರ ಮುಂದಿನ ಗಾಲಿಗೆ ಹಾನಿಯಾಯಿತು. ಪುಣ್ಯಕ್ಕೆ ಪೈಲಟ್ ಪಾರಾದರು.

ವಿದ್ಯಾರ್ಥಿಗಳು ಹೆಚ್ಚಾಗಿ ಕಲಿಯುವ ಸೆಸ್ನಾ 172ರಲ್ಲಿ ಗಾಲಿ ಒಳಗೆ ಮಡಚಿಕೊಳ್ಳುವುದಿಲ್ಲ; ಮೂರೂ ಸದಾ ಹೊರಗೇ ಇರುತ್ತವೆ. ಹಿಂದಿನ ಎರಡು ಗಾಲಿಗಳ ಕಾಲು ಗಟ್ಟಿ, ಇಳಿಯುವ ಭಾರವನ್ನು ಅವೇ ಮೊದಲು ಹೊರಬೇಕು. ಮುಂದಿನ ಕಾಲು ನಾಜೂಕು. ಎಂಜಿನ್ ಹಿಂದಿನ ಲೋಹದ ಗೋಡೆಗೆ, ಅಂದರೆ ಫೈರ್‌ವಾಲ್‌ಗೆ ಅದರ ಜೋಡಣೆ. ವಿಮಾನ ಮೂಗು ಕೆಳಗಾಗಿ ಬಡಿದು ಪುಟಿದರೆ ಆ ಗೋಡೆ ಸುಕ್ಕುಗಟ್ಟಬಹುದು. ಹೊರಗೆ ಏನೂ ಕಾಣದಿರಬಹುದು. ಮುಂದೆ ಯಾರೋ ಚೆನ್ನಾಗಿಯೇ ಇಳಿಸಿದಾಗ ಕಾಲು ಮುರಿಯಬಹುದು.

ಪುಟಿದ ವಿಮಾನವನ್ನು ಒತ್ತಿ ಕೂರಿಸಲು ಹೋಗಬಾರದು. ಶಕ್ತಿ ಕೊಟ್ಟು ಮೇಲೆದ್ದು, ಸುತ್ತಿ ಬಂದು ಮತ್ತೆ ಇಳಿಯಬೇಕು. ಗಾಲಿಯ ಬಗ್ಗೆ ಅನುಮಾನವಿದ್ದರೆ ಟವರ್‌ಗೆ ತಿಳಿಸಬೇಕು. ಇಳಿಯುವಾಗ ಮೂಗನ್ನು ಆದಷ್ಟು ಹೊತ್ತು ಎತ್ತಿ ಹಿಡಿಯಬೇಕು.

ನನ್ನ ತಂಗಿಯ ಮಗಳು ಈಗ ತರಬೇತಿಯಲ್ಲಿದ್ದಾಳೆ. ಒಮ್ಮೆ ಅವಳ ವಿಮಾನ ಜೋರಾಗಿ ಬಡಿದು ಪುಟಿಯಿತು. ಅವಳು ಮೇಲೆದ್ದು, ಸುತ್ತಿ ಬಂದು ಸರಿಯಾಗಿ ಇಳಿಸಿದಳು. "ಏನೂ ಆಗಿಲ್ಲವಲ್ಲ, ಯಾಕೆ ಬರೆಯುತ್ತೀ?" ಎಂದರು ಜೊತೆಯವರು. ಅವಳು ದಾಖಲೆ ಪುಸ್ತಕದಲ್ಲಿ ಬರೆದೇಬಿಟ್ಟಳು. ಎಂಜಿನಿಯರ್ ಬಿಚ್ಚಿ ನೋಡಿದರೆ ಫೈರ್‌ವಾಲ್‌ನಲ್ಲಿ ಸುಕ್ಕು! ವಿಮಾನ ವಾರಗಟ್ಟಲೆ ನಿಂತಿತು. ಸರದಿ ತಪ್ಪಿದ ಹುಡುಗರು ಕೆಲವು ದಿನ ಇವಳನ್ನು ಮಾತನಾಡಿಸಲಿಲ್ಲ. ಮರುದಿನ ಅದೇ ವಿಮಾನದಲ್ಲಿ ಒಂಟಿಯಾಗಿ ಹಾರಬೇಕಿದ್ದವನೂ ಅವರಲ್ಲೊಬ್ಬ.

ವಾಣಿಜ್ಯ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಬೇಕು. ಒಂದೊಂದು ಗಂಟೆಗೂ ಸಾವಿರಾರು ರೂಪಾಯಿ. ಸಾಲ ಮಾಡಿ ಕಳಿಸಿದ ಮನೆಯ ಮಗು "ಗಟ್ಟಿಯಾಗಿ ಇಳಿಸಿದೆ" ಎಂದು ಹೇಳಲು ಅಂಜುವುದು ಸಹಜ. ಆ ಅಂಜಿಕೆ ಬಿಡಿಸಬೇಕಾದವರು ನಾವು. ಲೋಟ ಒಡೆದು ಬಂದು ನಿಜ ಹೇಳಿದ ಮಗುವಿಗೆ ನಾವು ಬೈದರೆ, ಅದು ಮುಂದೆ ಚೂರುಗಳನ್ನು ಬಚ್ಚಿಡಲು ಕಲಿಯುತ್ತದೆ.

ಶಾಲೆ ಆರಿಸುವಾಗ ಶುಲ್ಕವನ್ನಷ್ಟೇ ಕೇಳಬೇಡಿ. "ಗಟ್ಟಿಯಾಗಿ ಇಳಿದೆ ಎಂದು ವಿದ್ಯಾರ್ಥಿ ಹೇಳಿದರೆ ನೀವೇನು ಮಾಡುತ್ತೀರಿ?" ಎಂದೂ ಕೇಳಿ. "ಮೊದಲು ವಿಮಾನ ನಿಲ್ಲಿಸಿ ಪರೀಕ್ಷಿಸುತ್ತೇವೆ" ಎಂಬ ಉತ್ತರ ಬಂದರೆ ಧೈರ್ಯವಾಗಿ ಮಗಳನ್ನು ಸೇರಿಸಿ.