ಮಗು ಮಲಗಿದ್ದು ಯಾರ ಮನೆಯಲ್ಲಿ?

(ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಸಾರ)



ತೆರಿಗೆಯ ಮಾತೆಂದರೆ ಉಳ್ಳವರ ಚಿಂತೆಯೆಂದು ನಾವು ಪಕ್ಕಕ್ಕಿಡುವುದುಂಟು. ಆದರೆ ಅಮೆರಿಕದಲ್ಲಿ ಗಂಡ ಹೆಂಡಿರು ಬೇರೆಯಾದಾಗ, ಮಗುವನ್ನು ತನ್ನ ಅವಲಂಬಿತನೆಂದು ತೆರಿಗೆ ಪತ್ರದಲ್ಲಿ ತೋರಿಸುವ ಹಕ್ಕು ಯಾರದೆಂಬುದು ದುಡಿಯುವವರ ಅನ್ನದ ಪ್ರಶ್ನೆ. ನಮ್ಮ ನಾಡಿನಿಂದ ಅಲ್ಲಿಗೆ ಹೋಗಿ ನೆಲೆಸಿದ ಸಂಸಾರಗಳೂ ಆ ಕಾನೂನಿಗೆ ಒಳಪಟ್ಟಿವೆ. 2025ರ ಸಾಲಿಗೆ, 17 ವರ್ಷ ತುಂಬದ ಒಂದು ಮಗುವಿನ ಲೆಕ್ಕದಲ್ಲಿ ಸಿಗುವ ತೆರಿಗೆ ರಿಯಾಯಿತಿ ಗರಿಷ್ಠ 2,200 ಡಾಲರು.

ಹಣ ಕಳಿಸಿದವರು ಯಾರೆಂದು ಆ ಕಾನೂನು ಮೊದಲು ಕೇಳುವುದಿಲ್ಲ. ವರ್ಷದಲ್ಲಿ ಹೆಚ್ಚು ರಾತ್ರಿ ಮಗು ಯಾರ ಬಳಿ ಮಲಗಿತೆಂದು ಕೇಳುತ್ತದೆ. ಜೀವನಾಂಶ ಕೊಟ್ಟ ಮಾತ್ರಕ್ಕೆ ತಂದೆಗೆ ಹಕ್ಕು ಬರದು. ರಾತ್ರಿ ಪಾಳಿಯ ಕೆಲಸದಿಂದಾಗಿ ಮಗು ತಾಯಿಯ ಬಳಿ ರಾತ್ರಿಗಿಂತ ಹಗಲನ್ನೇ ಹೆಚ್ಚು ಕಳೆದಿದ್ದರೆ, ಹಗಲನ್ನು ಎಣಿಸಬೇಕೆಂಬ ನಿಯಮವೂ ಇದೆ. ಸಾಕಿ ಸಲಹುವುದೂ ದುಡಿಮೆಯೇ ಎಂದು ಒಪ್ಪಿದ ಈ ಭಾಗವನ್ನು ನಾವು ಮೆಚ್ಚುತ್ತೇವೆ.

ಆದರೆ ರಾತ್ರಿಗಳು ಸಮವಾದರೆ? ಅಧಿಕ ವರ್ಷದಲ್ಲಿ ಇಬ್ಬರಿಗೂ 183 ಬರಬಹುದು. ಆಗ ಹಕ್ಕು ಸಲ್ಲುವುದು ಹೆಚ್ಚು ಆದಾಯವಿದ್ದವರಿಗೆ! ತಕ್ಕಡಿ ಸಮನಾಗಿ ನಿಂತ ಕಡೆಯಲ್ಲೂ ಕಾನೂನಿನ ಬೆರಳು ಉಳ್ಳವರ ತಟ್ಟೆಯನ್ನೇ ಒತ್ತುತ್ತದೆ.

ಮಗುವನ್ನು ಇಟ್ಟುಕೊಂಡವರು 8332ನೆಯ ನಮೂನೆಗೆ ಸಹಿ ಹಾಕಿ ಈ ರಿಯಾಯಿತಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. 2008ರ ನಂತರದ ವಿಚ್ಛೇದನಗಳಲ್ಲಿ ನ್ಯಾಯಾಲಯದ ತೀರ್ಪಿನ ಪ್ರತಿಯಷ್ಟೇ ಈ ಸಹಿಗೆ ಬದಲಾಗದು. ಸಹಿಯನ್ನು ಒಂದೇ ವರ್ಷಕ್ಕೆ ಸೀಮಿತಗೊಳಿಸಬಹುದು. ಆದ್ದರಿಂದ ಅಲ್ಲಿರುವ ಅಕ್ಕತಂಗಿಯರಿಗೆ ನಮ್ಮ ಮಾತು ಇಷ್ಟೇ: ರಾತ್ರಿಗಳ ಲೆಕ್ಕ ಬರೆದಿಡಿ, ಓದದೆ ಸಹಿ ಹಾಕಬೇಡಿ.

ಹಕ್ಕು ಕೈಗೆ ಬಂದರೂ ಕಡುಬಡವರಿಗೆ ಪೂರ್ಣ ಫಲವಿಲ್ಲ. ವರ್ಷದ ಸಂಪಾದನೆ 2,500 ಡಾಲರು ದಾಟದ ತಾಯಿಗೆ ಸಾಮಾನ್ಯವಾಗಿ ಇದರಿಂದ ನಗದು ಬಾರದು. 2021ರಲ್ಲಿ ಒಂದು ವರ್ಷದ ಮಟ್ಟಿಗೆ ಈ ತಡೆಯನ್ನು ತೆಗೆದು ಮೊತ್ತವನ್ನೂ ಏರಿಸಿದರು. ಸರ್ಕಾರಿ ನೆರವನ್ನೂ ಎಣಿಸುವ ಅಲ್ಲಿನ ಅಳತೆಯಂತೆ, ಆ ವರ್ಷ ಬಡತನದಲ್ಲಿದ್ದ ಮಕ್ಕಳು ಶೇಕಡಾ 5.2. ಸೌಲಭ್ಯ ನಿಂತ ಮೇಲೆ, 2022ರಲ್ಲಿ, ಶೇಕಡಾ 12.4!

ತಂದೆತಾಯಿಯರ ಜಗಳಕ್ಕೂ ಆದಾಯಕ್ಕೂ ಕಟ್ಟುಬೀಳದೆ ಪ್ರತಿ ಮಗುವಿಗೂ ಅದರ ಪಾಲು ಸೇರಬೇಕು. ಯಾವ ದೇಶದ ಸರ್ಕಾರವನ್ನಾದರೂ ನಾವು ಕೇಳಬೇಕಾದದ್ದು ಇದನ್ನೇ.